ರ‍್ಯಾಂಪ್ ಬಂತು ಸರಿ, ಚಿತ್ರ ಎಟುಕುವುದು ಯಾವಾಗ?

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಂಗವಿಕಲರ ಹಕ್ಕುಗಳ ನಿಯಮಾವಳಿಯ 15ನೇ ನಿಯಮದ ಮುಖ್ಯ ಭಾಗ ಮೂಲ ಕಾನೂನಿಗೇ ವಿರುದ್ಧವಾಗಿದೆ, ಹಾಗಾಗಿ ಅದು ನಿಲ್ಲುವುದಿಲ್ಲ ಎಂದಿತು. ಕಟ್ಟಡ, ಬಸ್ಸು, ವೆಬ್‌ಸೈಟ್ ಎಲ್ಲವೂ ಅಂಗವಿಕಲರಿಗೆ ಎಟುಕುವಂತಿರಬೇಕು ಎಂದು ಹೇಳಲೆಂದೇ ಇದ್ದ ನಿಯಮ ಅದು. ಬರೀ ತಲೆಬರಹ ಓದಿದವರಿಗೆ ಗೊಂದಲ ಆಗದೆ ಇರುತ್ತದೆಯೇ? ಇದ್ದ ಒಂದು ನಿಯಮವನ್ನೂ ಕೋರ್ಟ್ ಕಿತ್ತುಹಾಕಿತು ಅಂತಲೇ ಅನ್ನಿಸುತ್ತದೆ. ಆದರೆ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು ಈ ತೀರ್ಪನ್ನು ಸ್ವಾಗತಿಸಿದರು.

ಎಟುಕುವುದು ಅಂದರೆ ಏನು ಎಂಬ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಕಲಾ ಮ್ಯೂಸಿಯಂಗಳ ವಿಷಯದಲ್ಲಿ. ಬಸ್ ನಿಲ್ದಾಣ ಎಟುಕುವಂತಿದೆ ಅಂದರೆ ಏನು ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಒಂದು ಚಿತ್ರ ಎಟುಕುವಂತಿದೆ ಅಂದರೆ ಏನು? ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಗದ್ದಲ ತಾಳಲಾಗದ ಆಟಿಸಂ ಇರುವ ಮಗುವಿಗೆ? ಇದನ್ನು ನಿಯಮದ ಭಾಷೆಯಲ್ಲಿ ಬರೆಯಲು ಆಗುತ್ತದೆಯೇ ಎನ್ನುವುದೇ ಈಗಿನ ಪ್ರಶ್ನೆ.

ನಿಯಮ ಬಿದ್ದದ್ದು ಯಾಕೆ

ಈ ಪ್ರಕರಣ ಹಳೆಯದು. ದೃಷ್ಟಿದೋಷವಿರುವ ರಾಜೀವ್ ರಾತೂರಿ ಅವರು 2005ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ರಸ್ತೆ, ಸಾರಿಗೆ, ಸಾರ್ವಜನಿಕ ಕಟ್ಟಡ ಎಲ್ಲವೂ ಅಂಗವಿಕಲರು ಸುರಕ್ಷಿತವಾಗಿ ಬಳಸುವಂತಿರಬೇಕು ಎಂಬುದು ಬೇಡಿಕೆ. 2017ರ ಡಿಸೆಂಬರ್‌ನಲ್ಲಿ ಕೋರ್ಟ್ ಹಲವು ನಿರ್ದೇಶನ ಕೊಟ್ಟಿತು. ಕೆಲಸ ತೆವಳಿತು. ಆಮೇಲೆ ಕೋರ್ಟ್ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವಿಕಲತೆ ಅಧ್ಯಯನ ಕೇಂದ್ರಕ್ಕೆ, ವಾಸ್ತವ ಏನಿದೆ ನೋಡಿ ವರದಿ ಕೊಡಿ ಎಂದಿತು. ಆ ವರದಿ ಎತ್ತಿದ ಪ್ರಶ್ನೆಗಳ ಬೆನ್ನಲ್ಲೇ 2024ರ ತೀರ್ಪು ಬಂದದ್ದು.

ಸಮಸ್ಯೆ ಇದ್ದದ್ದು ಕಾನೂನು ಮತ್ತು ನಿಯಮದ ನಡುವಿನ ಸಂದಿಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 40ನೇ ಸೆಕ್ಷನ್, ಕೇಂದ್ರ ಸರ್ಕಾರ ಮಾನದಂಡಗಳನ್ನು ನಿಯಮದ ರೂಪದಲ್ಲಿ ತರಬೇಕು ಎನ್ನುತ್ತದೆ. 44ನೇ ಸೆಕ್ಷನ್ ಪ್ರಕಾರ ಆ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿ ಇಲ್ಲ, ಕೆಲಸ ಮುಗಿದ ಪ್ರಮಾಣಪತ್ರವೂ ಇಲ್ಲ. 45ನೇ ಸೆಕ್ಷನ್ ಹಳೆಯ ಕಟ್ಟಡಗಳಿಗೆ 5 ವರ್ಷ ಕೊಡುತ್ತದೆ. 46ನೇ ಸೆಕ್ಷನ್ ಸೇವೆ ಕೊಡುವವರಿಗೆ 2 ವರ್ಷ ಕೊಡುತ್ತದೆ. ತಪ್ಪಿದರೆ 89ನೇ ಸೆಕ್ಷನ್‌ನಡಿ ದಂಡ: ಮೊದಲ ಸಲ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ. ಕಾಗದದ ಮೇಲೆ ಬಿಗಿಯಾಗಿಯೇ ಇದೆ.

ಆದರೆ 2017ರಲ್ಲಿ ಬಂದ 15ನೇ ನಿಯಮ ಸ್ವತಃ ಮಾನದಂಡ ಬರೆಯಲಿಲ್ಲ. ಬೇರೆಬೇರೆ ಸಚಿವಾಲಯಗಳ ಮಾರ್ಗಸೂಚಿಗಳತ್ತ ಬೆರಳು ತೋರಿಸಿತು, ಅಷ್ಟೆ. ಆ ಮಾರ್ಗಸೂಚಿಗಳ ತುಂಬ ಇದ್ದದ್ದು 'ಹೀಗಿದ್ದರೆ ಒಳ್ಳೆಯದು', 'ಸಾಧ್ಯವಾದಷ್ಟು ಮಾಡಬಹುದು' ಎಂಬ ಧಾಟಿ. ಸಲಹೆ ಪಾಲಿಸದವನಿಗೆ ದಂಡ ಹಾಕುವುದು ಹೇಗೆ? ಹಾಕಲು ಬರುವುದಿಲ್ಲ. ಹೀಗೆ ಕಡ್ಡಾಯ ಎಂದ ಕಾನೂನು ನಿಯಮದ ಮಟ್ಟಕ್ಕೆ ಇಳಿಯುವಾಗ ಐಚ್ಛಿಕವಾಗಿಬಿಟ್ಟಿತ್ತು.

ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಮನೋಜ್ ಮಿಶ್ರಾ ಅವರ ಪೀಠ ಹೇಳಿದ್ದು ಇದನ್ನೇ. ದೊಡ್ಡ ಆಸೆಗಳ ಪಟ್ಟಿ ಇರಲಿ, ತಪ್ಪೇನಿಲ್ಲ. ಆದರೆ ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬ ಕನಿಷ್ಠ ಮಟ್ಟವನ್ನು ಮೊದಲು ಬರೆಯಿರಿ. ಆಸೆಯನ್ನೂ ಕಡ್ಡಾಯವನ್ನೂ ಬೇರೆ ಮಾಡಿ. ಇದಕ್ಕೆ 3 ತಿಂಗಳ ಗಡುವು ಕೊಟ್ಟಿತು. ನಲ್ಸಾರ್ ಕೇಂದ್ರವನ್ನೂ ಜೊತೆಗೆ ಸೇರಿಸಿಕೊಳ್ಳಲು ಹೇಳಿತು. ಅಂದರೆ ಕೋರ್ಟ್ ತೆಗೆದದ್ದು ಅಂಗವಿಕಲರ ರಕ್ಷಣೆಯನ್ನಲ್ಲ, ರಕ್ಷಣೆಯಲ್ಲಿದ್ದ ತೂತನ್ನು.

ಮ್ಯೂಸಿಯಂ ಇದರಲ್ಲಿ ಎಲ್ಲಿ ಬರುತ್ತದೆ

ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರಿ ಕಟ್ಟಡ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಜನ ಬಂದುಹೋಗುವ ಸರ್ಕಾರಿ ಅಥವಾ ಖಾಸಗಿ ಕಟ್ಟಡ ಯಾವುದಾದರೂ ಅದರಲ್ಲಿ ಬರುತ್ತದೆ. ಸಾಂಸ್ಕೃತಿಕ ಚಟುವಟಿಕೆಯ ಕಟ್ಟಡಗಳ ಹೆಸರು ಆ ವ್ಯಾಖ್ಯೆಯಲ್ಲೇ ಇದೆ. 2023ರ ತಿದ್ದುಪಡಿಯಲ್ಲಿ ಸ್ಮಾರಕ, ಮ್ಯೂಸಿಯಂ, ಗ್ರಂಥಾಲಯಗಳಿಗಾಗಿ ಬರೆದ ಮಾರ್ಗಸೂಚಿಯನ್ನೂ 15ನೇ ನಿಯಮದ ಪಟ್ಟಿಗೆ ಸೇರಿಸಿದ್ದರು. ಆ ಪಟ್ಟಿಯೇ ಈಗ ಬಿದ್ದಿರುವುದರಿಂದ ಮ್ಯೂಸಿಯಂಗಳ ಪಾಲಿಗೂ ಹೊಸ ನಿಯಮ ಬರಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಕಾಯ್ದೆಯಲ್ಲಿ ಮ್ಯೂಸಿಯಂಗೆ ಸಂಬಂಧಿಸಿದ ಮಾತು ಎರಡು ಕಡೆ ಬರುತ್ತದೆ. ಕಟ್ಟಡದ ಮಾತು 44 ಮತ್ತು 45ನೇ ಸೆಕ್ಷನ್‌ಗಳಲ್ಲಿದೆ. ಅದಕ್ಕೆ ಗಡುವು ಇದೆ, ಪ್ರಮಾಣಪತ್ರ ಇದೆ, ದಂಡ ಇದೆ. ಕಲೆಯ ಮಾತು 29ನೇ ಸೆಕ್ಷನ್‌ನಲ್ಲಿದೆ. ಕಲೆಯನ್ನು ಅಂಗವಿಕಲರಿಗೆ ಎಟುಕುವಂತೆ ಮಾಡುವುದೂ ಸರ್ಕಾರದ ಕೆಲಸ ಎಂದು ಅಲ್ಲಿ ನೇರವಾಗಿ ಬರೆದಿದೆ. ಅಂಗವಿಕಲತೆಯ ಇತಿಹಾಸ ಹೇಳುವ ಮ್ಯೂಸಿಯಂ ಒಂದನ್ನು ಕಟ್ಟುವ ಮಾತೂ ಅಲ್ಲೇ ಇದೆ. ಆದರೆ ಅದಕ್ಕೆ ಗಡುವಿಲ್ಲ, ಅಳತೆಯಿಲ್ಲ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯೂ ಮ್ಯೂಸಿಯಂಗಳನ್ನು ಹೆಸರಿಸಿಯೇ ಹೇಳುತ್ತದೆ. ಅದೂ ಅಳತೆ ಕೊಡುವುದಿಲ್ಲ.

ಪರಿಣಾಮ ಊಹಿಸುವುದು ಕಷ್ಟವಲ್ಲ. ಅಳೆಯಲು ಬರುವುದು ಕಡ್ಡಾಯವಾಗುತ್ತದೆ. ಅಳೆಯಲು ಬಾರದ್ದು ಭಾಷಣಕ್ಕೆ ಉಳಿಯುತ್ತದೆ.

ಮೆಟ್ಟಿಲಿನ ಲೆಕ್ಕ

ಕಟ್ಟಡದ ಭಾಗ ಬೇಗ ಹೇಳಿ ಮುಗಿಸಬಹುದು. ನಮ್ಮ ಮಾನದಂಡದಲ್ಲಿ ರ‍್ಯಾಂಪಿನ ಇಳಿಜಾರು 1:12. ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಬಾಗಿಲ ಮುಂದೆ ಅರ್ಧರ್ಧ ಅಡಿಯ ಮೂರೇ ಮೆಟ್ಟಿಲಿದ್ದರೂ 18 ಅಡಿ ರ‍್ಯಾಂಪ್ ಆಯಿತು. ಹೊಸ ಕಟ್ಟಡದಲ್ಲಿ ಇದು ನಕ್ಷೆಯ ಹಂತದಲ್ಲೇ ಸೇರಿಬಿಡುತ್ತದೆ. ಹಳೆಯ ಕಟ್ಟಡದಲ್ಲಿ ಅಲ್ಲ.

ನಮ್ಮ ಕಲಾ ಮ್ಯೂಸಿಯಂಗಳಲ್ಲಿ ಅನೇಕವು ಮ್ಯೂಸಿಯಂ ಆಗಲೆಂದು ಕಟ್ಟಿದವಲ್ಲ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇರುವುದು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ. ಮೈಸೂರಿನ ಜಗನ್ಮೋಹನ ಅರಮನೆ 1861ರದು. ಇಂಥ ಕಟ್ಟಡ ಕಾಪಾಡುವವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಮ್ಮೆ ಒಡೆದ ಕಲ್ಲಿನ ಮೆಟ್ಟಿಲನ್ನು ಮತ್ತೆ ಹಾಗೆಯೇ ಕೂರಿಸಲಾಗುವುದಿಲ್ಲ. ಆದರೆ ಅದಕ್ಕೆ ಉತ್ತರವೂ ಇದೆ: ಕಲ್ಲಿಗೆ ಮೊಳೆ ಹೊಡೆಯದೆ ಕೂರಿಸಿ, ಬೇಕಾದಾಗ ತೆಗೆಯಬಹುದಾದ ಕಬ್ಬಿಣದ ಅಥವಾ ಮರದ ರ‍್ಯಾಂಪ್, ಪಕ್ಕದ ಬಾಗಿಲಿನಿಂದ ದಾರಿ, ಹಿಂಭಾಗದಲ್ಲಿ ಲಿಫ್ಟ್. 'ಪಾರಂಪರಿಕ ಕಟ್ಟಡ' ಎಂಬ ಮಾತು ಎಷ್ಟೋ ಕಡೆ ಏನೂ ಮಾಡದಿರಲು ಸಿಗುವ ನೆಪವಾಗಿದೆ.

ದೀಪ ಹಿಡಿದ ಮಹಿಳೆಯನ್ನು ಹೇಳುವುದು ಹೇಗೆ

ರ‍್ಯಾಂಪ್ ಹತ್ತಿ ಒಳಗೆ ಬಂದಾಯಿತು ಅಂದುಕೊಳ್ಳೋಣ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಚಿತ್ರ ಎಸ್.ಎಲ್. ಹಲ್ದಂಕರ್ ಅವರ 'ಗ್ಲೋ ಆಫ್ ಹೋಪ್'. ದೀಪ ಹಿಡಿದ ಮಹಿಳೆ ಎಂದರೆ ಕರ್ನಾಟಕದಲ್ಲಿ ಗೊತ್ತಿಲ್ಲದವರು ಕಡಿಮೆ. (ರವಿವರ್ಮನದು ಎಂದು ಈಗಲೂ ವಾದಿಸುವವರಿದ್ದಾರೆ, ಇರಲಿ.) ಪೂರ್ತಿ ಬೆಳಕಿನ ಮೇಲೆ ನಿಂತ ಈ ಚಿತ್ರವನ್ನು ಕಣ್ಣು ಕಾಣದ ಸಂದರ್ಶಕರಿಗೆ ಕೊಡುವುದು ಹೇಗೆ?

'ಇದೊಂದು ಸುಪ್ರಸಿದ್ಧ ಜಲವರ್ಣ ಚಿತ್ರ' ಎಂದು ಬ್ರೈಲ್‌ನಲ್ಲಿ ಬರೆದು ಅಂಟಿಸಿದರೆ ಮಾರ್ಗಸೂಚಿಯ ಪ್ರಕಾರ ಒಂದು ಟಿಕ್ ಬೀಳುತ್ತದೆ. ಕಲೆ ಎಟುಕಲಿಲ್ಲ. ತರಬೇತಿ ಪಡೆದ ವಿವರಣೆಗಾರರು ಬೇರೆ ರೀತಿ ಶುರು ಮಾಡುತ್ತಾರೆ. ಮೊದಲು ಅಳತೆ, ಆಕಾರ, ಒಟ್ಟು ನೋಟ. ಆಮೇಲೆ ಒಂದು ಕ್ರಮದಲ್ಲಿ ವಿವರ. ಹೆಣ್ಣುಮಗಳೊಬ್ಬಳು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಅಂಗೈ ಜ್ವಾಲೆಗೆ ಅಡ್ಡ. ಆ ಅಂಗೈಯನ್ನು ದಾಟಿ ಬೆಳಕು ಬರುವಾಗ ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಮಿಕ್ಕ ಬೆಳಕು ಮುಖದ ಮೇಲೆ. ಸುತ್ತ ಕತ್ತಲು. ಹುಟ್ಟಿನಿಂದಲೇ ದೃಷ್ಟಿಯಿಲ್ಲದವರಿಗೆ ಕೆಂಪು ಎಂಬ ಮಾತಿಗಿಂತ, ದೀಪಕ್ಕೆ ಅಡ್ಡ ಹಿಡಿದ ಅಂಗೈಗೆ ತಟ್ಟುವ ಬಿಸಿ ಹತ್ತಿರದ ಅನುಭವ. ಆ ಭಂಗಿಯನ್ನು ತಾವೇ ಮಾಡಿ ನೋಡುವಂತೆ ಹೇಳುವುದೂ ಉಂಟು. ಬೆಳಕು ದೇಹದ ಯಾವ ಭಾಗಕ್ಕೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಇದಕ್ಕೆ ಯಂತ್ರ ಬೇಡ. ಚಿತ್ರವನ್ನೂ ಕನ್ನಡವನ್ನೂ ಚೆನ್ನಾಗಿ ಬಲ್ಲ, ಕೇಳುವವರ ಪ್ರಶ್ನೆಗೆ ತಾಳ್ಮೆಯಿಂದ ನಿಲ್ಲುವ ಒಬ್ಬ ಮನುಷ್ಯ ಬೇಕು.

ಮುಟ್ಟುವ ದಾರಿಯೂ ಇದೆ. ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂ 2015ರಲ್ಲಿ 6 ಚಿತ್ರಗಳ ಉಬ್ಬು ನಕಲು ಮಾಡಿಸಿ, ಕೈಯಿಂದ ಮುಟ್ಟಿ ನೋಡಲು ಇಟ್ಟಿತು. ಆ ಮ್ಯೂಸಿಯಂನಲ್ಲಿರುವ ಮೋನಾಲಿಸಾ ಪ್ರತಿಯೂ ಅವುಗಳಲ್ಲಿತ್ತು. ಚಿತ್ರವನ್ನು ಹಾಗೇ ಉಬ್ಬಿಸಿದರೆ ಬೆರಳಿಗೆ ಬರೀ ಗೊಂದಲ. ಯಾವ ಗೆರೆ ಮುಖ್ಯ, ಯಾವುದನ್ನು ಬಿಡಬೇಕು ಎಂದು ಮೊದಲು ತೀರ್ಮಾನಿಸಬೇಕು. ಇಟಲಿಯ ಅಂಕೋನಾದಲ್ಲಿ 1993ರಿಂದ ಇರುವ ಓಮೆರೋ ಮ್ಯೂಸಿಯಂನಲ್ಲಂತೂ ಎಲ್ಲವನ್ನೂ ಮುಟ್ಟಬಹುದು.

ಕಿವುಡರ ಅಗತ್ಯ ಇನ್ನೊಂದು ಬಗೆ. ಎಲ್ಲವೂ ಬರೆದಿದೆಯಲ್ಲ, ಓದಿಕೊಳ್ಳಲಿ ಎನ್ನುವವರಿದ್ದಾರೆ. ಆದರೆ ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಬರಹದ ಕನ್ನಡವೋ ಇಂಗ್ಲಿಷೋ ಎರಡನೆಯ ಭಾಷೆ. ಹಾಗಾಗಿ ಭಾರತೀಯ ಸನ್ನೆ ಭಾಷೆಯ ವಿಡಿಯೋ, ಸನ್ನೆಯಲ್ಲೇ ನಡೆಸುವ ಸುತ್ತಾಟ ಬೇಕಾಗುತ್ತದೆ. ಆಟಿಸಂ ಇರುವವರಿಗೆ ಗದ್ದಲವಿಲ್ಲದ ಹೊತ್ತು, ಬರುವ ಮೊದಲೇ ಒಳಗೆ ಏನೇನಿದೆ ಎಂದು ತೋರಿಸುವ ಚಿತ್ರಗಳು. ಮರೆವಿನ ಕಾಯಿಲೆ ಇರುವವರಿಗೆ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2006ರಲ್ಲಿ ಶುರು ಮಾಡಿದ ಕಾರ್ಯಕ್ರಮ ಬಹಳ ಕಡೆ ಮಾದರಿಯಾಯಿತು. ಮ್ಯೂಸಿಯಂ ಮುಚ್ಚಿರುತ್ತಿದ್ದ ದಿನ, ಮನೆಯವರ ಜೊತೆ ಸಣ್ಣ ಗುಂಪಾಗಿ ಕೂತು ಒಂದೊಂದೇ ಚಿತ್ರದ ಬಗ್ಗೆ ಮಾತಾಡುತ್ತಿದ್ದರು. ಚಿತ್ರಕಾರನ ಹೆಸರು ನೆನಪಿರಲೇಬೇಕು ಅಂತಿಲ್ಲ. ಎದುರಿಗಿರುವುದನ್ನು ನೋಡಿ ಏನನ್ನಿಸುತ್ತದೋ ಅದು ಸಾಕು.

ಮುಟ್ಟಬೇಕೋ, ಕಾಪಾಡಬೇಕೋ

ಇದಕ್ಕೆಲ್ಲ ಎದುರಾಗುವ ಗಟ್ಟಿ ಆಕ್ಷೇಪ ಬರುವುದು ಕಲಾಕೃತಿಗಳನ್ನು ಸಂರಕ್ಷಿಸುವವರಿಂದ. ಕೈಯ ಬೆವರಿನಲ್ಲಿ ಉಪ್ಪು, ಎಣ್ಣೆ ಇರುತ್ತದೆ. ಒಬ್ಬರು ಮುಟ್ಟಿದರೆ ಏನೂ ಕಾಣುವುದಿಲ್ಲ, ಸಾವಿರಾರು ಜನ ಮುಟ್ಟಿದರೆ ಲೋಹದ ಬಣ್ಣ ಬದಲಾಗುತ್ತದೆ, ಕಲ್ಲು ಸವೆಯುತ್ತದೆ. ಬೆಳಕಿನದೂ ಇದೇ ಕಥೆ. ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಮಾಸುತ್ತದೆ, ಹಾಗಾಗಿ ಅಂಥ ಚಿತ್ರಗಳನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಡುವುದು ವಾಡಿಕೆ. ಮಂದದೃಷ್ಟಿ ಇರುವವರಿಗೆ ಬೇಕಾದದ್ದು ಇದರ ತದ್ವಿರುದ್ಧ: ಜಾಸ್ತಿ ಬೆಳಕು. ಇಬ್ಬರೂ ಹೇಳುವುದು ನಿಜ.

ಹಾಗೆಂದು ದಾರಿ ಮುಚ್ಚಿಲ್ಲ. ಮೂಲ ಚಿತ್ರ ಮಂದ ಬೆಳಕಿನಲ್ಲೇ ಇರಲಿ, ಪಕ್ಕದಲ್ಲಿ ದೊಡ್ಡದಾಗಿಸಿದ ಪ್ರತಿ ಇಡಬಹುದು. ವಿವರದ ಫಲಕ ದೊಡ್ಡ ಅಕ್ಷರದಲ್ಲಿ, ಕಪ್ಪು ಬಿಳುಪು ಎದ್ದು ಕಾಣುವಂತಿದ್ದರೆ ಅರ್ಧ ಕೆಲಸ ಆಯಿತು. ಶಿಲ್ಪವನ್ನು ಮುಟ್ಟದೆಯೇ ಸ್ಕ್ಯಾನ್ ಮಾಡಿ ನಕಲು ತೆಗೆಯುವುದು ಈಗ ಕಷ್ಟವಲ್ಲ. ಕೆ. ವೆಂಕಟಪ್ಪನವರನ್ನು ಜಲವರ್ಣದ ನಿಸರ್ಗ ಚಿತ್ರಗಳಿಗಾಗಿ ನೆನೆಯುವವರೇ ಹೆಚ್ಚು, ಆದರೆ ಅವರು ಪ್ಲಾಸ್ಟರ್‌ನಲ್ಲಿ ಉಬ್ಬುಚಿತ್ರಗಳನ್ನೂ ಮಾಡಿದ್ದಾರೆ. ಮೂಲವೇ ಉಬ್ಬಿದ್ದಾಗ ನಕಲು ಬೆರಳಿಗೆ ಸುಳ್ಳು ಹೇಳುವುದಿಲ್ಲ. ಕರ್ನಾಟಕದಲ್ಲಿ ಎಲ್ಲಿಂದ ಶುರು ಮಾಡಬಹುದು ಎಂದು ಕೇಳಿದರೆ ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ.

ಬೇರೆ ಕೋಣೆಯೋ, ಎಲ್ಲರ ಜೊತೆಯೋ

ಅಂಗವಿಕಲರ ಪರ ಮಾತಾಡುವವರ ನಡುವೆಯೂ ಒಂದೇ ಅಭಿಪ್ರಾಯವಿಲ್ಲ. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ 2015ರಲ್ಲಿ 'ಅನುಭವ' ಎಂಬ ಗ್ಯಾಲರಿ ತೆರೆಯಿತು. ಮ್ಯೂಸಿಯಂನ ಸಂಗ್ರಹದಿಂದ ಆಯ್ದ 22 ಕೃತಿಗಳ ನಕಲುಗಳು, ಬ್ರೈಲ್ ಫಲಕ, ಆಡಿಯೋ ವಿವರಣೆ ಅಲ್ಲಿವೆ. ಮೊದಲ ದೊಡ್ಡ ಹೆಜ್ಜೆ ಎಂದು ಅದನ್ನು ಮೆಚ್ಚಲೇಬೇಕು. ಆದರೆ ಅದು ಪ್ರತ್ಯೇಕ ಗ್ಯಾಲರಿ. ಕಣ್ಣು ಕಾಣುವ ಅಕ್ಕ ಒಂದು ಕಡೆ, ಕಾಣದ ತಮ್ಮ ಇನ್ನೊಂದು ಕಡೆ ನೋಡಿ ಹೊರಗೆ ಬಂದು ಸೇರಿದರೆ, ಇಬ್ಬರೂ ಒಂದೇ ಮ್ಯೂಸಿಯಂ ನೋಡಿದಂತೆ ಆಗುತ್ತದೆಯೇ?

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆದ ಖಾಸಗಿ ಮ್ಯೂಸಿಯಂ 'ಮ್ಯಾಪ್' (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ), ಅಂಗವಿಕಲ ಸಂದರ್ಶಕರನ್ನು ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಂಡಿತು. ಈ ವಿಷಯದ ತಜ್ಞ ಸಂಸ್ಥೆಯ ಸಲಹೆ ಪಡೆಯಿತು, ಮುಟ್ಟಿ ನೋಡುವ ಕೃತಿಗಳನ್ನು ಮಾಡಿಸಿತು. ಹೊಸ ಕಟ್ಟಡಕ್ಕೆ ಈ ಅನುಕೂಲ ಇರುತ್ತದೆ. ಹಳೆಯ ಮ್ಯೂಸಿಯಂಗಳವರು ಆಗಲೇ ಚಿತ್ರ ತೂಗಿರುವ ಗೋಡೆಗಳ ನಡುವೆ ಜಾಗ ಹುಡುಕಬೇಕು, ಹಾಗಾಗಿ ಪ್ರತ್ಯೇಕ ಕೋಣೆಯ ಕಡೆಗೇ ವಾಲುತ್ತಾರೆ. ಅದು ಆರಂಭವಾದರೆ ಒಳ್ಳೆಯದು. ಅಲ್ಲಿಗೇ ನಿಂತರೆ ಮಿಕ್ಕ ಗ್ಯಾಲರಿಗಳು ಏನೂ ಮಾಡದೆ ಉಳಿಯಲು ಅದೇ ಸಮಜಾಯಿಷಿ ಆಗುತ್ತದೆ.

ಎಲ್ಲವನ್ನೂ ಆನ್‌ಲೈನ್ ಮಾಡಿಬಿಡೋಣ ಎಂಬ ಮೂರನೆಯ ವಾದವೂ ಇದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದಿತು. ಅದು ಕೆವೈಸಿಗೆ, ಅಂದರೆ ಬ್ಯಾಂಕಿನಂಥ ಕಡೆ ಗ್ರಾಹಕರ ಗುರುತು ಖಚಿತಪಡಿಸುವ ಕ್ರಮಕ್ಕೆ, ಸಂಬಂಧಿಸಿದ ಪ್ರಕರಣವಾದರೂ, ಟಿಕೆಟ್ ಕೊಡುವ ಮ್ಯೂಸಿಯಂ ವೆಬ್‌ಸೈಟುಗಳಿಗೂ ಅದರ ಬಿಸಿ ತಟ್ಟಬೇಕು. ಆದರೆ ವೆಬ್‌ಸೈಟ್ ಚೆನ್ನಾಗಿದೆ, ನೀವು ಮನೆಯಲ್ಲೇ ಇರಿ ಅನ್ನುವುದು ಪರಿಹಾರ ಅಲ್ಲ, ಅಲ್ವಾ?

ಕಾಂಕ್ರೀಟ್ ಉಳಿಯುತ್ತದೆ, ಕಾರ್ಯಕ್ರಮ ನಿಲ್ಲುತ್ತದೆ

ದುಡ್ಡಿನ ವಿಷಯಕ್ಕೆ ಬಂದರೆ, ರ‍್ಯಾಂಪ್ ಮತ್ತು ಲಿಫ್ಟ್‌ಗೆ ದೊಡ್ಡ ಖರ್ಚು ಒಂದು ಸಲ. ಟೆಂಡರ್ ಕರೆಯಬಹುದು, ಉದ್ಘಾಟನೆ ಮಾಡಬಹುದು. ವಿವರಣೆಗಾರರು, ಸನ್ನೆ ಭಾಷೆಯ ದುಭಾಷಿಗಳು, ತರಬೇತಿ ಪಡೆದ ಸಿಬ್ಬಂದಿ ಇವರಿಗೆ ಪ್ರತಿ ತಿಂಗಳೂ ಸಂಬಳ ಬೇಕು. ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ.

ಅಮೆರಿಕದಲ್ಲಿ 2025ರಲ್ಲಿ ಆದದ್ದು ಇದಕ್ಕೆ ತಾಜಾ ಉದಾಹರಣೆ. ಜನವರಿ 20ರಂದು ಹೊಸ ಅಧ್ಯಕ್ಷರು ಹೊರಡಿಸಿದ ಆದೇಶವೊಂದು, ಎಲ್ಲ ಬಗೆಯ ಜನರನ್ನೂ ಒಳಗೊಳ್ಳಲೆಂದು ಇದ್ದ ಸರ್ಕಾರದ ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಆ ಪಟ್ಟಿಯಲ್ಲಿ ಆಕ್ಸೆಸಿಬಿಲಿಟಿ, ಅಂದರೆ ಎಟುಕುವಂತಿರುವುದು, ಎಂಬ ಪದವೂ ಸೇರಿತ್ತು. ಅಲ್ಲಿನ ಹಲವು ರಾಷ್ಟ್ರೀಯ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ ತನ್ನ ವೈವಿಧ್ಯ ಕಚೇರಿ ಮುಚ್ಚಿತು, ಆದರೆ ಅಂಗವಿಕಲ ಸಂದರ್ಶಕರಿಗಾಗಿ ಮಾಡುವ ಕೆಲಸವನ್ನು ಉಳಿಸಿಕೊಳ್ಳುವುದಾಗಿ ಹೇಳಿತು. ಅಂಗವಿಕಲರ ಹಕ್ಕು ಕಾಪಾಡುವ 1973ರ ಪುನರ್ವಸತಿ ಕಾಯ್ದೆ, 1990ರ ಅಂಗವಿಕಲ ಅಮೆರಿಕನ್ನರ ಕಾಯ್ದೆ ಇಂಥ ಕಾನೂನುಗಳೂ ಹಾಗೇ ಇವೆ. ಅವು ಆದೇಶವೊಂದರಿಂದ ಅಳಿಸಿ ಹೋಗುವುದಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಮ್ಯೂಸಿಯಂ ಮತ್ತು ಗ್ರಂಥಾಲಯಗಳಿಗೆ ಹಣ ಕೊಡುವ ಫೆಡರಲ್ ಸಂಸ್ಥೆಯ ಬಹಳಷ್ಟು ಅನುದಾನಗಳು ರದ್ದಾದವು, ವಿಷಯ ಕೋರ್ಟಿಗೆ ಹೋಯಿತು. ಕಾನೂನು ಕಾಪಾಡಿದ್ದು ಉಳಿಯಿತು, ಅನುದಾನದ ಮೇಲೆ ನಿಂತದ್ದು ತೂಗಾಡಿತು. ನಮ್ಮ ಹೊಸ ನಿಯಮದಲ್ಲಿ ಏನನ್ನು ಕಡ್ಡಾಯದ ಕಡೆ ಬರೆಯುತ್ತಾರೆ, ಏನನ್ನು ಸಲಹೆಯ ಕಡೆ ಬಿಡುತ್ತಾರೆ ಎನ್ನುವುದು ಮುಖ್ಯವಾಗುವುದು ಇದಕ್ಕೇ.

ಮುಂದೆ ಏನಾಗಬಹುದು

ಮೊದಲ ಅಪಾಯ, ಕನಿಷ್ಠವೇ ಗರಿಷ್ಠ ಆಗುವುದು. ರ‍್ಯಾಂಪ್, ಶೌಚಾಲಯ, ಲಿಫ್ಟ್ ಇಷ್ಟೇ ಕಡ್ಡಾಯ ಎಂದಾದರೆ, ಮ್ಯೂಸಿಯಂ ಅಷ್ಟು ಮಾಡಿ ಕೈ ತೊಳೆದುಕೊಳ್ಳುತ್ತದೆ. ಇದನ್ನು ತಪ್ಪಿಸಲು ಕಲೆಗೂ ಅಳತೆ ಬರೆಯಬೇಕು. ಬರೆಯಲು ಬರುವುದಿಲ್ಲ ಎಂಬುದು ನಿಜವಲ್ಲ. ಪ್ರತಿ ಗ್ಯಾಲರಿಯಲ್ಲೂ ಕನಿಷ್ಠ ಇಷ್ಟು ಕೃತಿಗಳಿಗೆ ಮಾತಿನ ವಿವರಣೆ, ಇಷ್ಟಕ್ಕೆ ಮುಟ್ಟುವ ನಕಲು, ತಿಂಗಳಿಗೆ ಇಷ್ಟು ಸನ್ನೆ ಭಾಷೆಯ ಸುತ್ತಾಟ, ಫಲಕದ ಅಕ್ಷರದ ಗಾತ್ರ ಇಷ್ಟು: ಇವೆಲ್ಲ ಎಣಿಸಲು, ತಪಾಸಣೆ ಮಾಡಲು ಬರುವಂಥವೇ. ವಿವರಣೆಯ ಗುಣಮಟ್ಟವನ್ನು ಎಣಿಸಲಾಗುವುದಿಲ್ಲ, ಒಪ್ಪೋಣ. ಅದಕ್ಕೆ ಅಂಗವಿಕಲ ಸಂದರ್ಶಕರೇ ಇರುವ ಸಮಿತಿಯ ಒಪ್ಪಿಗೆ ಬೇಕು ಎಂದು ಬರೆದರೆ ಆಯಿತು.

ಎರಡನೆಯದು ಯಾರ ಜೇಬು ಎಂಬ ಪ್ರಶ್ನೆ. ಬೆಂಗಳೂರನ್ನೇ ನೋಡಿ. ಆಧುನಿಕ ಕಲಾ ಗ್ಯಾಲರಿ ಕೇಂದ್ರ ಸಂಸ್ಕೃತಿ ಸಚಿವಾಲಯದ್ದು. ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಕಲಾ ಗ್ಯಾಲರಿ ರಾಜ್ಯದ್ದು. ಅವುಗಳದೇ ರಸ್ತೆಯಲ್ಲಿರುವ ಮ್ಯಾಪ್ ಖಾಸಗಿಯದು. ಮೂವರಿಗೂ ನಿಯಮ ಒಂದೇ, ಹಣದ ಮೂಲ ಮೂರು. 5 ಲಕ್ಷದ ದಂಡ ದೊಡ್ಡವರಿಗೆ ಲೆಕ್ಕಕ್ಕಿಲ್ಲ. ಜಿಲ್ಲಾ ಮಟ್ಟದ ಸಣ್ಣ ಮ್ಯೂಸಿಯಂಗೆ ಅದು ತಡೆಯಲಾಗದ ಹೊರೆ, ಹಾಗಾಗಿ ದಂಡದ ಜೊತೆ ಹಣದ ಏರ್ಪಾಡೂ ಇರದಿದ್ದರೆ ಬೀಗ ಹಾಕುವುದೇ ಸುಲಭದ ದಾರಿ ಎನ್ನಿಸಬಹುದು.

ಮೂರನೆಯದು ಗಡಿಯಾರದ ಪ್ರಶ್ನೆ. 45ನೇ ಸೆಕ್ಷನ್‌ನ 5 ವರ್ಷ ಶುರುವಾಗುವುದು ನಿಯಮ ಪ್ರಕಟವಾದ ದಿನದಿಂದ. 2017ರ ಜೂನ್‌ನಲ್ಲಿ ಬಂದ ನಿಯಮದ ಲೆಕ್ಕದಲ್ಲಿ ಆ ಗಡುವು 2022ರಲ್ಲೇ ಮುಗಿದಿದೆ. ಈಗ ಹೊಸ ನಿಯಮ ಬಂದರೆ ಹಳೆಯ ಕಟ್ಟಡಗಳಿಗೆ ಮತ್ತೆ 5 ವರ್ಷ ಸಿಗುತ್ತದೆಯೇ? ಸಿಗುತ್ತದೆ ಎಂದು ಕಟ್ಟಡದ ಮಾಲೀಕರು ವಾದಿಸುವುದು ಖಂಡಿತ. ನಿಯಮ ಬರೆಯುವಾಗಲೇ ಇದಕ್ಕೆ ಸ್ಪಷ್ಟ ಉತ್ತರ ಬರೆಯದಿದ್ದರೆ ಇನ್ನೊಂದು ಸುತ್ತು ಮೊಕದ್ದಮೆ ಕಟ್ಟಿಟ್ಟ ಬುತ್ತಿ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಕಿಂಡಿಯೂ ಇದೆ. ರಾಜ್ಯಗಳ ಸಿದ್ಧತೆ ನೋಡಿ, ಒಂದೊಂದೇ ಪ್ರಕರಣಕ್ಕೆ ಕೇಂದ್ರ ಸಮಯ ವಿಸ್ತರಿಸಬಹುದು. ಕರ್ನಾಟಕದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮ್ಯೂಸಿಯಂಗಳಿಗೆ ಅಂಥ ವಿಸ್ತರಣೆ ಕೇಳಬೇಕಾಗಿ ಬಂದರೆ, ಯಾವ ಮ್ಯೂಸಿಯಂನಲ್ಲಿ ಏನು ಆಗಿದೆ, ಏನು ಬಾಕಿ ಇದೆ ಎಂಬ ಪಟ್ಟಿಯನ್ನು ಮೊದಲು ಸಿದ್ಧ ಮಾಡಬೇಕಾಗುತ್ತದೆ.